ಮಗುವಿಗೊಂದು ಮನೆ

ಕುರುಕ್ಷೇತ್ರದ ಯುದ್ಧವು ಇನ್ನೇನು ಆರಂಭವಾಗಬೇಕು ಎನ್ನುವ ಸಮಯದಲ್ಲಿ ಶ್ರೀಕೃಷ್ಣನು ಕರ್ಣನನ್ನು ರಥದಲ್ಲಿ ಕುಳ್ಳಿರಿಸಿಕೊಂಡು ಅವನ ಜನ್ಮರಹಸ್ಯವನ್ನು ತಿಳಿಸುತ್ತಾನೆ. ಅದನ್ನು ಕೇಳಿದ ಕರ್ಣನ ಸಂಕಟವನ್ನು ಕುಮಾರವ್ಯಾಸನು ಮನಮುಟ್ಟುವಂತೆ ಚಿತ್ರಿಸಿದ್ದಾನೆ. ವ್ಯಾಸಭಾರತದ ಕರ್ಣನು ಕೊಡುವ ಉತ್ತರವೂ ಮರೆಯುವಂಥದಲ್ಲ. ತನ್ನನ್ನು ಕಂಡೊಡನೆ ರಾಧೆಯ ಎದೆಯಲ್ಲಿ ಹಾಲು ತುಂಬಿ ಬಂದಿತೆಂದೂ, ಅಧಿರಥನು ತಂದೆಯಾಗಿ ತನಗೆ ಜಾತಕರ್ಮವೇ ಮೊದಲಾದ ಸಂಸ್ಕಾರಗಳನ್ನು ಮಾಡಿಸಿದನೆಂದೂ, ಇಡೀ ಭೂಮಂಡಲವೇ ದೊರೆತರೂ ಆ ಬಾಂಧವ್ಯವನ್ನು ಬಿಡಲಾರೆನೆಂದೂ ಅವನು ಹೇಳುತ್ತಾನೆ. ಕರ್ಣನಿಗೆ ಮನೆಯಲ್ಲಿ ಪ್ರೀತಿಯ ಕೊರತೆ ಇರಲಿಲ್ಲ. ಆದರೆ ಎಳವೆಯಲ್ಲಿ, ತನ್ನವರ ಬಾಯಿಂದ ತಿಳಿಯಬೇಕಾಗಿದ್ದ ಸತ್ಯವು ಯುದ್ಧದ ಹೊಸ್ತಿಲಲ್ಲಿ ಒಂದು ರಾಜಕಾರಣದ ಉಪಾಯವಾಗಿ ಅವನ ಮುಂದೆ ಬಂದಿತು. ರಾಧೆಗೆ ಕುಂತಿಯ ವಿಷಯ ತಿಳಿದಿರಲಿಲ್ಲ, ನಿಜ, ತಿಳಿದಿದ್ದವಳು ಸುಮ್ಮನಿದ್ದಳು.

ಇಂಥ ಮೌನವು ಇಂದಿಗೂ ಅನೇಕ ಮನೆಗಳಲ್ಲಿ ಉಳಿದುಕೊಂಡಿದೆ. ಅದಕ್ಕೆ ಹಳೆಯ ಕಾರಣಗಳಿವೆ. ಹಿಂದೆ ದತ್ತು ಸ್ವೀಕಾರವು ಮುಖ್ಯವಾಗಿ ಮನೆತನಕ್ಕಾಗಿ ನಡೆಯುತ್ತಿದ್ದ ಕಾರ್ಯವಾಗಿತ್ತು. ಪಿತೃಗಳಿಗೆ ಪಿಂಡ ಹಾಕಲು, ಆಸ್ತಿಯನ್ನು ಉಳಿಸಿಕೊಳ್ಳಲು, ಸಿಂಹಾಸನವು ಬರಿದಾಗದಂತೆ ನೋಡಿಕೊಳ್ಳಲು ಒಬ್ಬ ಮಗ ಬೇಕಾಗಿದ್ದನು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ತೀರಿಕೊಂಡಾಗ ಅವನ ದತ್ತುಪುತ್ರನ ಹಕ್ಕನ್ನು ಇಂಗ್ಲಿಷರು ಒಪ್ಪಲಿಲ್ಲ. ಅದರಿಂದಲೇ ರಾಣಿ ಚೆನ್ನಮ್ಮನ ಯುದ್ಧವು ಮೊದಲಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡಾಗಲೂ ಇಂಗ್ಲಿಷರ ಒಪ್ಪಿಗೆಗಾಗಿ 1867ರವರೆಗೆ ಕಾಯಬೇಕಾಯಿತು. ಈ ಪ್ರಸಂಗಗಳಲ್ಲಿ ರಾಜ್ಯದ ಮಾತು ಬೇಕಾದಷ್ಟಿದೆ. ಆ ಬಾಲಕರ ಮನಸ್ಸಿನಲ್ಲಿ ಏನಿತ್ತೆಂದು ವಿಚಾರಿಸಿದವರು ವಿರಳ. ಹೆಣ್ಣುಮಗುವನ್ನಂತೂ ಹಿಂದೂ ಧರ್ಮಶಾಸ್ತ್ರದ ಸಾಮಾನ್ಯ ನಿಯಮವು ದತ್ತುವಿಗೆ ಲೆಕ್ಕಿಸಿಯೇ ಇರಲಿಲ್ಲ. ಅವಳಿಗೆ ಆ ಬಾಗಿಲು ತೆರೆದುದು 1956ರ ಕಾಯಿದೆಯಿಂದ.

ಈಗ ಕಾನೂನು ಮಗುವಿನ ಕಡೆಗೆ ತಿರುಗಿದೆ. ಯಾವ ಧರ್ಮದವರೇ ಆಗಲಿ ಬಾಲನ್ಯಾಯ ಕಾಯಿದೆಯ ಮೂಲಕ ದತ್ತು ತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2015ರ ಬಾಲನ್ಯಾಯ ಕಾಯಿದೆಯಂತೆ ದತ್ತು ಬಂದ ಮಗುವು ಎಲ್ಲ ವಿಧದಲ್ಲಿಯೂ ಆ ತಾಯಿತಂದೆಗಳಿಗೆ ಹುಟ್ಟಿದ ಮಗುವಿಗೆ ಸಮಾನ. ಆದರೆ ಕಾನೂನು ತಿರುಗಿದಷ್ಟು ಬೇಗ ಜನರ ನಾಲಗೆ ತಿರುಗಿಲ್ಲ. ಮದುವೆಯ ಮನೆಯಲ್ಲಿ, ಮಗುವು ಪಕ್ಕದಲ್ಲಿಯೇ ನಿಂತಿರುವಾಗ, “ಇದು ಸ್ವಂತ ಮಗುವೋ, ಸಾಕಿದ್ದೋ?” ಎಂದು ಕೇಳುವವರಿದ್ದಾರೆ. “ಪುಣ್ಯ ಮಾಡಿದ್ದೆ ಕಣಮ್ಮ, ಇಂಥವರು ಸಿಕ್ಕಿದರು” ಎಂದು ತಲೆ ಸವರುವವರು ಇನ್ನೂ ಹೆಚ್ಚು. ಮಾತು ಕರುಣೆಯದೇ, ಆದರೆ ಅದನ್ನು ಕೇಳಿದ ಮಗುವು ತನ್ನ ಮನೆಯಲ್ಲಿಯೇ ಸಾಲಗಾರನಂತೆ ಕುಗ್ಗುತ್ತದೆ. ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಇಂಥ ಪುಣ್ಯದ ಲೆಕ್ಕವನ್ನು ಯಾರೂ ಒಪ್ಪಿಸುವುದಿಲ್ಲ.

ಈ ಮಾತುಗಳಿಗೆ ಹೆದರಿಯೇ ಎಷ್ಟೋ ತಾಯಿತಂದೆಗಳು ವಿಷಯವನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟುದು ನಿಲ್ಲುವುದಿಲ್ಲ. ಆಸ್ತಿಯ ಜಗಳದಲ್ಲಿಯೋ ಮದುವೆಯ ಮಾತುಕತೆಯಲ್ಲಿಯೋ ನೆಂಟರೊಬ್ಬರ ಬಾಯಿಂದ ಅದು ಹೊರಬೀಳುತ್ತದೆ. ಆಗ ಮಗುವಿಗೆ ಹುಟ್ಟಿನ ಸಂಗತಿಗಿಂತಲೂ, ಇಷ್ಟು ವರ್ಷ ತನಗೊಬ್ಬನಿಗೇ ತಿಳಿಯದಂತೆ ಎಲ್ಲರೂ ನಡೆದುಕೊಂಡರಲ್ಲ ಎಂಬುದೇ ಹೆಚ್ಚು ನೋವು ಕೊಡುತ್ತದೆ. ಮಗುವು ಕಥೆ ಕೇಳುವ ವಯಸ್ಸಿನಲ್ಲಿಯೇ, ಅದು ಮನೆಗೆ ಬಂದ ದಿನದ ಕಥೆಯನ್ನು ಸಂತೋಷದಿಂದ ಹೇಳುತ್ತ ಬರುವುದು ಲೇಸು. ಮುಂದೆ ಅದು ಹೆತ್ತವಳ ವಿಷಯವನ್ನು ಕೇಳಿದರೆ ಸಾಕಿದವರು ಅದನ್ನು ಕೃತಘ್ನತೆಯೆಂದು ಭಾವಿಸಬೇಕಾಗಿಲ್ಲ. ಹದಿನೆಂಟು ತುಂಬಿದ ಬಳಿಕ ತನ್ನ ಮೂಲವನ್ನು ಅರಸಲು ತಾನೇ ಅರ್ಜಿ ಹಾಕುವ ಅವಕಾಶವನ್ನು ದತ್ತು ನಿಯಮಗಳೇ ಕೊಟ್ಟಿವೆ.

ಆ ನಿಯಮಗಳಲ್ಲಿ ಒಂದು ಕೊರತೆಯೂ ಇದೆ. ದತ್ತು ಕೊಟ್ಟ ಮೇಲೆ ಆರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಆ ಮನೆಯ ಯೋಗಕ್ಷೇಮವನ್ನು ವಿಚಾರಿಸುತ್ತಾರೆ. ಎರಡು ವರ್ಷದ ಮಗುವನ್ನು ತಂದ ಮನೆಯಲ್ಲಿ ಅದಕ್ಕೆ ನಾಲ್ಕು ತುಂಬುವಾಗ ಈ ವಿಚಾರಣೆ ಮುಗಿದುಹೋಗುತ್ತದೆ. “ಅವಳು ನನ್ನನ್ನು ಏಕೆ ಬಿಟ್ಟಳು?” ಎಂಬ ಪ್ರಶ್ನೆ ಕಾಡುವುದು ಹತ್ತು ಹದಿನೈದರ ವಯಸ್ಸಿನಲ್ಲಿ. ಸಲಹೆ ಕೊಡುವವರ ಅಗತ್ಯ ಹೆಚ್ಚಾಗಿರುವ ಆ ಕಾಲದಲ್ಲಿ ಸಂಸಾರವು ಬಹುಮಟ್ಟಿಗೆ ಒಂಟಿಯಾಗಿರುತ್ತದೆ.

ತಾತ್ಕಾಲಿಕವಾಗಿ ಮಗುವನ್ನು ಪೋಷಿಸುವ ಸಂಸಾರಗಳ ಕಷ್ಟ ಬೇರೆ ಬಗೆಯದು. ತಾಯಿತಂದೆಗಳು ಕಾಯಿಲೆ ಬಿದ್ದಾಗ, ಸೆರೆಮನೆ ಸೇರಿದಾಗ ಅಥವಾ ನೋಡಿಕೊಳ್ಳಲಾರದೆ ಹೋದಾಗ ಮಕ್ಕಳನ್ನು ಅಜ್ಜಿಯೋ ಸೋದರಮಾವನೋ ಸಾಕುವುದು ಹಳೆಯ ಪದ್ಧತಿ. ಅಂಥವರಿಲ್ಲದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯು ಬೇರೊಂದು ಸಂಸಾರಕ್ಕೆ ಒಪ್ಪಿಸಬಹುದು. 2022ರ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4000 ರೂಪಾಯಿಗಳ ನೆರವನ್ನು ಗೊತ್ತುಮಾಡಿದರು. “ಹಣಕ್ಕಾಗಿ ಸಾಕುತ್ತಾರೆ” ಎನ್ನುವವರು ಬೆಳೆಯುವ ಮಗುವಿನ ಊಟ, ಬಟ್ಟೆ, ಪುಸ್ತಕ, ಔಷಧಗಳ ಲೆಕ್ಕವನ್ನು ಒಮ್ಮೆ ಬರೆದು ನೋಡಬಹುದು. ಮನೆ ಬಿಟ್ಟು ಬಂದ ಮಗುವು ಮೊದಮೊದಲು ರೊಟ್ಟಿಯನ್ನು ಹಾಸಿಗೆಯ ಕೆಳಗೆ ಅಡಗಿಸಿಡುವುದುಂಟು, ನಡುರಾತ್ರಿ ಬೆಚ್ಚಿ ಏಳುವುದುಂಟು. ಅದನ್ನು ಸಹಿಸಿ, ಅದರ ನಂಬಿಕೆಯನ್ನು ಗಳಿಸಿ, ಕೊನೆಗೆ ಹೆತ್ತವರ ಮನೆಗೆ ನಗುತ್ತ ಕಳುಹಿಸಿಕೊಡುವುದು ಸಾಮಾನ್ಯವಾದ ಕೆಲಸವಲ್ಲ.

ಇಂಥ ಮಕ್ಕಳು ಎಲ್ಲರಂತೆ ಶಾಲೆಗೂ ಬರುತ್ತಾರೆ. ಕೆಲವು ತರಗತಿಗಳಲ್ಲಿ ವಂಶವೃಕ್ಷವನ್ನು ಬರೆದು ತರಲು ಹೇಳುವ ವಾಡಿಕೆಯಿದೆ. ಉಳಿದವರಿಗೆ ಅದು ಅರ್ಧ ಗಂಟೆಯ ಕೆಲಸ. ದತ್ತು ಬಂದ ಹುಡುಗಿಗೆ ಒಂದು ರಾತ್ರಿಯ ಚಿಂತೆ. ಅವಳು ಎರಡು ಬೇರುಗಳುಳ್ಳ ಮರವನ್ನು ಬರೆದು, ಒಂದು ಬೇರಿನ ಬಳಿ ಹೆಸರಿಲ್ಲದೆ ಖಾಲಿ ಬಿಟ್ಟು ತರಬಹುದು. ಆ ಪುಟವನ್ನು ನೋಡಿ ಉಪಾಧ್ಯಾಯರು ಏನೆನ್ನುತ್ತಾರೆ, ಹಿಂದಿನ ಬೆಂಚಿನಲ್ಲಿ ಯಾರಾದರೂ ನಗುತ್ತಾರೆಯೇ ಎಂಬುದರ ಮೇಲೆ, ಅಂದು ಸಂಜೆ ಅವಳು ಮನೆಗೆ ಬಂದು ಆ ಪುಟವನ್ನು ತಾಯಿಗೆ ತೋರಿಸುತ್ತಾಳೋ ಚೀಲದಲ್ಲಿಯೇ ಮಡಚಿಡುತ್ತಾಳೋ ಎಂಬುದು ನಿಂತಿರುತ್ತದೆ.