ಕೇಣಿ ಬಂದರು: ಪಾಲಿನ ದುಡಿಮೆಗೆ ಲೆಕ್ಕವೆಲ್ಲಿ?

ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ ಬಂದರು ನಿರ್ಮಾಣದ ಸಮೀಕ್ಷೆಗಾಗಿ ಜಿಲ್ಲಾಡಳಿತವು 2025ರ ಫೆಬ್ರುವರಿಯಲ್ಲಿ ನಿಷೇಧಾಜ್ಞೆಯನ್ನೇ ಹೊರಡಿಸಬೇಕಾಯಿತು. ಆದರೂ ಮೀನುಗಾರರ ಪ್ರತಿಭಟನೆ ನಿಲ್ಲಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಯಲ್ಲಿಯೂ ವಿರೋಧದ ದನಿಯೇ ಪ್ರಬಲವಾಗಿತ್ತು. ಮೀನುಗಾರರು ಹೆಚ್ಚಿನ ಪರಿಹಾರ ಕೇಳುತ್ತಿಲ್ಲ, ಯೋಜನೆಯೇ ಬೇಡವೆನ್ನುತ್ತಿದ್ದಾರೆ. ಇದನ್ನು ಅಭಿವೃದ್ಧಿ ವಿರೋಧಿ ಹಟವೆಂದು ತಳ್ಳಿಹಾಕುವವರು ಕಡಲತೀರದ ದುಡಿಮೆಯ ಸ್ವರೂಪವನ್ನು ಅರಿತಂತಿಲ್ಲ.

ಸಾರ್ವಜನಿಕ-ಖಾಸಗಿ ಸಹಭಾಗಿತ್ವದ ಈ ಯೋಜನೆಯು 2023ರ ನವೆಂಬರ್‌ನಲ್ಲಿ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್ ಸಂಸ್ಥೆಯ ಪಾಲಾಯಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. ಆರಂಭಿಕ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಬಳ್ಳಾರಿ-ಹೊಸಪೇಟೆ ಭಾಗದ ಉದ್ದಿಮೆಗಳ ಸರಕು ಸಾಗಣೆಯೇ ಇದರ ಮುಖ್ಯ ಗುರಿ. ಹೊರದೇಶದ ಕಲ್ಲಿದ್ದಲು ಬೃಹತ್ ಹಡಗುಗಳಲ್ಲಿ ನೇರವಾಗಿ ಬಂದಿಳಿದರೆ ಉಕ್ಕಿನ ಉತ್ಪಾದನಾ ವೆಚ್ಚ ತಗ್ಗುತ್ತದೆ. ಜಾಗತಿಕ ಪೈಪೋಟಿಯಲ್ಲಿ ಅದು ದೊಡ್ಡ ಲಾಭವೇ ಸರಿ.

ಇತ್ತ ನಾಡದೋಣಿಯಲ್ಲಿ ಸಂಬಳವೆಂಬುದಿಲ್ಲ, ಪಾಲು ಇದೆ. ದೋಣಿಗೊಂದು ಪಾಲು, ಬಲೆಗೊಂದು ಪಾಲು, ಉಳಿದದ್ದು ದುಡಿದವರಿಗೆ. ದಡಕ್ಕೆ ಬಂದ ಮೀನನ್ನು ಕೊಂಡು ಬುಟ್ಟಿಯಲ್ಲಿ ಪೇಟೆಗೆ ಒಯ್ಯುವವರು, ಮರಳಿನ ಮೇಲೆ ಹರಡಿ ಒಣಗಿಸುವವರು ಬಹುತೇಕ ಮಹಿಳೆಯರು. ಇವರಾರ ಹೆಸರೂ ಹಾಜರಿ ಪುಸ್ತಕದಲ್ಲಿಲ್ಲ. ಮೀನು ಒಣಗಿಸುವ ತೀರಕ್ಕೆ ಅವರ ಹೆಸರಿನ ಪಹಣಿಯೂ ಇಲ್ಲ.

2013ರ ಭೂಸ್ವಾಧೀನ ಕಾಯ್ದೆಯು ಮೀನುಗಾರರನ್ನೂ ಬಾಧಿತ ಕುಟುಂಬಗಳ ವ್ಯಾಖ್ಯೆಯೊಳಗೆ ತಂದಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಆ ವ್ಯಾಖ್ಯೆಯ ಪ್ರಕಾರ ಜೀವನೋಪಾಯಕ್ಕೆ ಧಕ್ಕೆಯಾಗಬೇಕಾದದ್ದು ಭೂಮಿಯ ಸ್ವಾಧೀನದಿಂದ. ಕಡಲಿಗೆ ಅಲೆತಡೆಗೋಡೆ ಕಟ್ಟಿ, ಹೂಳೆತ್ತಿ ಬಂದರು ಮಾಡಿದಾಗ ಮೀನುಗಾರ ಕಳೆದುಕೊಳ್ಳುವುದು ಗುಂಟೆಗಳನ್ನಲ್ಲ, ಬಲೆ ಬೀಸುವ ನೀರನ್ನು. ಸ್ವಾಧೀನವೇ ಆಗದ ನೀರಿಗೆ ಈ ಕಾಯ್ದೆಯ ರಕ್ಷಣೆ ದೊರಕಿಸುವುದು ಕಷ್ಟಸಾಧ್ಯ.

ಕರಾವಳಿಯ ನೆನಪೂ ಭರವಸೆ ತುಂಬುವಂಥದ್ದಲ್ಲ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ 13 ಹಳ್ಳಿಗಳಿಂದ 4 ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದುಹೋದವು. ಜಮೀನಿನ ದಾಖಲೆ ಇದ್ದವರೂ ನ್ಯಾಯಯುತ ಪರಿಹಾರಕ್ಕಾಗಿ ದಶಕಗಳ ಕಾಲ ನ್ಯಾಯಾಲಯಗಳಿಗೆ ಅಲೆದರು. ಹಾಗಿರುವಾಗ ದಾಖಲೆಯೇ ಇಲ್ಲದವರ ಪಾಡೇನು? ಕೇಣಿಗೆ ಸಮೀಪದ ಬೇಲೇಕೇರಿಯಲ್ಲಿ ಮುಟ್ಟುಗೋಲು ಹಾಕಿಕೊಂಡಿದ್ದ ಲಕ್ಷಾಂತರ ಟನ್ ಅದಿರು 2010ರಲ್ಲಿ ಕಣ್ಮರೆಯಾಯಿತು. ಚೀನಾದ ಬೇಡಿಕೆ ಏರಿದ್ದ ಕಾಲವದು. ಬಂದರು ಬಂದರೆ ಊರು ಬೆಳಗುತ್ತದೆಂಬ ಮಾತನ್ನು ಈ ಭಾಗದ ಜನ ಅನುಮಾನದಿಂದಲೇ ಕೇಳುತ್ತಾರೆ.

ಮೀನುಗಾರರೊಳಗೂ ಸಮಾನತೆ ಇಲ್ಲವೆಂಬುದನ್ನು ಮರೆಯುವಂತಿಲ್ಲ. ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದಾಗ, ಹತ್ತಾರು ಜನ ಕೂಡಿ ಎಳೆಯುತ್ತಿದ್ದ ರಂಪಣಿ ಬಲೆ ಮೂಲೆಗೆ ಸರಿಯಿತು. ಅಂದು ಬಂಡವಾಳ ಹೂಡಲು ಸಾಧ್ಯವಾದವರು ಬೋಟಿನ ಮಾಲೀಕರಾದರು, ಆಗದವರು ಅದೇ ಬೋಟುಗಳಲ್ಲಿ ಖಲಾಸಿಗಳಾದರು. ಈಗಲೂ ದೊಡ್ಡ ಬೋಟಿನ ಮಾಲೀಕ ಮಲ್ಪೆಗೋ ಗೋವೆಗೋ ಹೋಗಿ ವಹಿವಾಟು ಮುಂದುವರಿಸಬಲ್ಲ. ನಾಡದೋಣಿಯವನಿಗೆ ಹತ್ತಿರದ ನೀರೇ ಗತಿ. ಬುಟ್ಟಿ ಹೊರುವ ಮಹಿಳೆಗಂತೂ ಆ ದೋಣಿಯೇ ಗತಿ. ಇಂದು ಒಗ್ಗಟ್ಟಾಗಿ ಕಾಣುವ ಹೋರಾಟದಲ್ಲಿ ಅತಿ ಹೆಚ್ಚು ಕಳೆದುಕೊಳ್ಳುವವರು ಈ ಕೊನೆಯ ಸಾಲಿನವರು.

ಉದ್ಯೋಗದ ಭರವಸೆಯನ್ನೂ ಇಲ್ಲಿಂದಲೇ ನೋಡಬೇಕು. ಆಧುನಿಕ ಬಂದರಿನಲ್ಲಿ ಕಲ್ಲಿದ್ದಲನ್ನು ಇಳಿಸುವುದು ಯಂತ್ರ, ಸಾಗಿಸುವುದು ಕನ್ವೇಯರ್ ಪಟ್ಟಿ. ಅಲ್ಲಿ ಸ್ಥಳೀಯರಿಗೆ ದಕ್ಕುವ ಕೆಲಸ ಹೆಚ್ಚಾಗಿ ಗುತ್ತಿಗೆಯ ಕಾವಲು, ಸ್ವಚ್ಛತೆ, ಚಾಲನೆಯದು. ಕುಟುಂಬಕ್ಕೊಂದು ನೌಕರಿ ಕೊಟ್ಟರೂ ಅದು ಮನೆಯ ಒಬ್ಬ ಯುವಕನಿಗೆ ಹೋದೀತು. ಅದೇ ಮನೆಯಲ್ಲಿ ಮೀನು ಮಾರಿ ಸ್ವಂತ ಕೈಗಾಸು ಕಾಣುತ್ತಿದ್ದ ಮಹಿಳೆ ಆ ಲೆಕ್ಕದೊಳಗಿಲ್ಲ. ಯಾವ ದೋಣಿಗೆ ಎಷ್ಟು ಪಾಲುದಾರರು, ಯಾವ ದೋಣಿಯ ಮೀನನ್ನು ಎಷ್ಟು ಮಹಿಳೆಯರು ಮಾರುತ್ತಾರೆ ಎಂಬ ಗಣತಿಯನ್ನು ಮೀನುಗಾರಿಕೆ ಇಲಾಖೆ ಮತ್ತು ಪಂಚಾಯಿತಿಗಳು ತೀರದಲ್ಲಿ ಕುಳಿತು, ಮೀನುಗಾರರ ಎದುರಿನಲ್ಲೇ ಮಾಡಬೇಕು. ಅದು ಕಾಮಗಾರಿಗೆ ಮೊದಲೇ ಆಗಬೇಕಾದ ಕೆಲಸ.