ವೇಷ ತೊಡುವ ಮುನ್ನ

ಅವತಾರವೆಂಬ ನಮ್ಮ ಮಾತು ಸುಮಾರು ನಾಲ್ವತ್ತು ವರ್ಷಗಳ ಹಿಂದೆ ಕಡಲು ದಾಟಿ ಹೋಗಿ, ಈಗ ಬೇರೊಂದು ಅರ್ಥವನ್ನು ಹೊತ್ತು ಮನೆಗೆ ಮರಳಿದೆ. 1986ರಲ್ಲಿ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯವರು ಕಂಪ್ಯೂಟರಿನೊಳಗೆ 'ಹ್ಯಾಬಿಟ್ಯಾಟ್' ಎಂಬ ಕಲ್ಪಿತ ಲೋಕವನ್ನು ಕಟ್ಟಿದಾಗ, ಅಲ್ಲಿ ಮನುಷ್ಯನಿಗೆ ಬದಲಾಗಿ ಓಡಾಡುವ ಚಿತ್ರಕ್ಕೆ ಈ ಹೆಸರಿಟ್ಟರು. ಆ ಲೋಕದಲ್ಲಿ ಹಣ ತೆತ್ತು ತಲೆಯನ್ನೇ ಬದಲಾಯಿಸಿಕೊಳ್ಳಬಹುದಾಗಿತ್ತು! 2003ರಲ್ಲಿ ಬಾಗಿಲು ತೆರೆದ 'ಸೆಕೆಂಡ್ ಲೈಫ್'ನಿಂದ ಹಿಡಿದು ಇಂದು ಮಕ್ಕಳು ಮುಳುಗಿರುವ 'ರೋಬ್ಲಾಕ್ಸ್'ವರೆಗೆ, ಇಂಥ ಲೋಕಗಳು ಎಷ್ಟೋ ಹುಟ್ಟಿವೆ. ಅವುಗಳ ಹೊಸ್ತಿಲಲ್ಲಿ ಹೊಸಬನ ಮೊದಲ ಕೆಲಸ ತನಗೊಂದು ರೂಪವನ್ನು ಆರಿಸಿಕೊಳ್ಳುವುದು.

ಶ್ರೀನಿವಾಸಪುರದ ಮಾವಿನ ತೋಪಿನ ಮನೆಯ ಹುಡುಗನೊ, ಮಾಲೂರಿನ ಕಾಲೇಜು ಹುಡುಗಿಯೊ ಕೈಯಲ್ಲಿ ಫೋನು ಹಿಡಿದು ಆ ಹೊಸ್ತಿಲಲ್ಲಿ ನಿಂತಿದ್ದಾರೆಂದು ಭಾವಿಸೋಣ. ಎತ್ತರವೆಷ್ಟು, ಮೈಬಣ್ಣ ಯಾವುದು, ಕೂದಲು ಹೇಗಿರಬೇಕು, ಹೆಸರೇನು? ಪ್ರಶ್ನೆಗಳು ಒಂದರ ಮೇಲೊಂದು ಬರುತ್ತವೆ. ಹಿರಿಯರು ಇದನ್ನು ಬೊಂಬೆಯಾಟವೆಂದು ತಳ್ಳಿಹಾಕುವುದುಂಟು. ಅದು ಅಷ್ಟು ಹಗುರವಾದ ಸಂಗತಿಯೆಂದು ನನಗೆ ತೋರುವುದಿಲ್ಲ. ನೀನು ಯಾರಾಗಬೇಕು ಎಂಬ ಪ್ರಶ್ನೆಯನ್ನು ನಮ್ಮ ಶಾಲೆಗಳು ಮಕ್ಕಳಿಗೆ ಹಾಕುವುದು ಅಪರೂಪ. ಈ ಯಂತ್ರ ಮೊದಲ ನಿಮಿಷದಲ್ಲಿಯೇ ಅದನ್ನು ಹಾಕುತ್ತದೆ. ಉತ್ತರಗಳ ಪಟ್ಟಿಯನ್ನೂ ತಾನೇ ಒದಗಿಸುತ್ತದೆ.

ತೊಟ್ಟ ರೂಪ ತೊಟ್ಟವನನ್ನು ಮುಟ್ಟದೆ ಬಿಡುವುದಿಲ್ಲ. 2007ರಲ್ಲಿ ನಿಕ್ ಯೀ ಮತ್ತು ಜೆರೆಮಿ ಬೇಲೆನ್ಸನ್ ಎಂಬ ವಿದ್ವಾಂಸರು ತಮ್ಮ ಪ್ರಯೋಗವೊಂದರ ಫಲವನ್ನು ಪ್ರಕಟಿಸಿದರು. ಕಲ್ಪಿತ ಲೋಕದಲ್ಲಿ ಎತ್ತರದ ರೂಪ ಪಡೆದವರು ಹಣವನ್ನು ಪಾಲು ಮಾಡುವ ಚೌಕಾಸಿಯಲ್ಲಿ ಬಿಗಿಯಾಗಿ ನಿಂತರು. ಗಿಡ್ಡ ರೂಪ ಪಡೆದವರು ಅನ್ಯಾಯದ ಪಾಲಿಗೂ ಸುಲಭವಾಗಿ ತಲೆದೂಗಿದರು. ರೂಪವನ್ನು ಆರಿಸಿದ್ದು ಅವರಲ್ಲ, ಪ್ರಯೋಗ ನಡೆಸಿದವರು. ಆದರೂ ವೇಷ ಒಳಗಿಳಿದು ನಡತೆಯಾಯಿತು. ಹೀಗಿರುವಾಗ, ಯಾವ ರೂಪಗಳು ಪಟ್ಟಿಯಲ್ಲಿವೆ, ಯಾವುವು ಇಲ್ಲ ಎಂಬುದು ಬೊಂಬೆಯಾಟದ ಮಾತಾಗಿ ಉಳಿಯುವುದಿಲ್ಲ.

ಪಟ್ಟಿಯ ಬಲವೆಷ್ಟೆಂಬುದಕ್ಕೆ ಒಂದು ಚಿಕ್ಕ ನಿದರ್ಶನ ಸಾಕು. ನಾವು ಸಂದೇಶಗಳಲ್ಲಿ ಕಳುಹಿಸುವ ಪುಟ್ಟ ಮುಖಚಿತ್ರಗಳಿಗೆ ಐದು ಬಗೆಯ ಮೈಬಣ್ಣವನ್ನು ಯೂನಿಕೋಡ್ ಒದಗಿಸಿದ್ದು 2015ರಲ್ಲಿ. ಅಲ್ಲಿಯವರೆಗೆ ಕಪ್ಪು ಕೈಯಿಂದ ನಮಸ್ಕಾರ ಹೇಳಬೇಕೆಂದವನಿಗೆ ಆ ಕೈಯೇ ಅಲ್ಲಿರಲಿಲ್ಲ. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಬೆಳೆದ ಮಗುವಿನ ಮುಂದೆ ಈಗ ಬಣ್ಣಗಳೆಲ್ಲವೂ ಇರಬಹುದು. ಇದ್ದೂ ಅದು ತನ್ನ ಬಣ್ಣವನ್ನು ದಾಟಿ ಬೆಳ್ಳನೆಯದರ ಮೇಲೆ ಬೆರಳಿಟ್ಟರೆ, ಆ ತಪ್ಪು ಯಂತ್ರದ್ದಲ್ಲ. ಮದುವೆಯ ಮಾತಿನಲ್ಲಿ, ಜಾಹೀರಾತಿನಲ್ಲಿ, ಮನೆಯ ಜಗಲಿಯಲ್ಲಿ ನಾವು ಕಲಿಸಿದ ಪಾಠದ್ದು.

ಇನ್ನು ವ್ಯಾಪಾರದ ಮಾತು. ಪುಕ್ಕಟೆಯಾಗಿ ಸಿಗುವ ರೂಪವನ್ನು ತೊಟ್ಟು ಬಂದವನು ಹೊಸಬನೆಂದು ನೋಡಿದೊಡನೆ ತಿಳಿಯುತ್ತದೆ. 'ಫೋರ್ಟ್‌ನೈಟ್' ಎಂಬ ಆಟದಲ್ಲಿ ಹಾಗೆ ಬಂದ ಮಕ್ಕಳನ್ನು ಜೊತೆಯವರು 'ಡೀಫಾಲ್ಟ್' ಎಂದು ಹಂಗಿಸುತ್ತಿದ್ದರು. ಆ ಮಾತು ತರಗತಿಯ ಬೈಗುಳವೂ ಆಯಿತು. ಕಾಸು ಕೊಟ್ಟು ಕೊಂಡ ಅಂಗಿಯಿಂದ ಆಟಗಾರನ ಗುರಿ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಅಂಗಡಿಯವನು ಮಾರುವುದು ಅವಮಾನದಿಂದ ಬಿಡುಗಡೆಯನ್ನು. ಆಟಗಾರರು ಬೇಡದ ವಸ್ತುಗಳನ್ನು ಕೊಳ್ಳುವಂತೆ ಗುಂಡಿಗಳನ್ನು ಜಾಣತನದಿಂದ ಹೂಡಿದ್ದರೆಂಬ ಆರೋಪದ ಮೇಲೆ, ಆ ಆಟದ ಒಡೆಯರು 24 ಕೋಟಿ 50 ಲಕ್ಷ ಡಾಲರುಗಳನ್ನು ಮರಳಿಸಲು 2022ರಲ್ಲಿ ಅಮೆರಿಕದ ವಾಣಿಜ್ಯ ಆಯೋಗದ ಮುಂದೆ ಒಪ್ಪಬೇಕಾಯಿತು.

ಹಾಗಾದರೆ ಇದ್ದ ರೂಪದಲ್ಲಿಯೇ ಹೋಗಿರಿ ಎಂದು ಉಪದೇಶಿಸೋಣವೆ? ಅದೂ ಸರಿಯಲ್ಲ. ಕಿರುಕುಳ ತಪ್ಪಿಸಿಕೊಳ್ಳಲು ಗಂಡಿನ ರೂಪ ತೊಡುವ ಹುಡುಗಿಯರಿದ್ದಾರೆ. ಅವರ ವೇಷ ಸುಳ್ಳಲ್ಲ, ಕವಚ. ಕುಂಟುವ ಕಾಲಿನ ಹುಡುಗ ಅಲ್ಲಿ ಓಡಬಯಸಿದರೆ ಬೇಡವೆನ್ನಲು ನಾವು ಯಾರು? ಅವತಾರವೆಂದರೆ ಇಳಿದುಬರುವುದು, ಪುರಾಣದಲ್ಲಿ ಮೀನು, ಆಮೆ, ಹಂದಿಗಳ ರೂಪ ತಾಳಿದ್ದು ಅಂದಕ್ಕಾಗಿ ಅಲ್ಲ, ಆಗಬೇಕಾದ ಕಾರ್ಯಕ್ಕಾಗಿ. ವೇಷವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ತಿಳಿಯದು.

ಈ ಅಳತೆಗೋಲನ್ನು ಹಿಡಿದವರು ನಮ್ಮ ಸೀಮೆಯಲ್ಲಿಯೇ ಇದ್ದರು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು 1943ರಲ್ಲಿ ತಮ್ಮ ಬಾಳಿನ ಚಿಂತನೆಯನ್ನು ಲೋಕದ ಮುಂದಿಟ್ಟಾಗ ಧರಿಸಿದ ಅಂಕಿತ ಪಂಡಿತನದಲ್ಲ, ಮಂಕುತಿಮ್ಮನದು. ಕಾವ್ಯವನ್ನೂ ಕಗ್ಗವೆಂದೇ ಕರೆದರು. ಮಾಲೂರು ಸೀಮೆಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಸರ್ಕಾರದ ದೊಡ್ಡ ಅಧಿಕಾರಿಗಳಾಗಿದ್ದವರು. ಕನ್ನಡದ ಓದುಗನೆದುರಿಗೆ ಅವರು ಬಂದದ್ದು 'ಶ್ರೀನಿವಾಸ'ರಾಗಿ. ಪದವಿಯನ್ನು ಕಳಚಿಟ್ಟು, ನೆರೆಮನೆಯವನ ಹೆಸರಿನಲ್ಲಿ. ಇಬ್ಬರೂ ತಮಗಿಂತ ದೊಡ್ಡದಾದ ರೂಪವನ್ನು ಅರಸಲಿಲ್ಲ. ಹೇಳಬೇಕಾದ ಮಾತಿಗೆ ಒಪ್ಪುವ ರೂಪವನ್ನು ಅರಸಿದರು.

ಕೋಲಾರದ ಕಡೆಯ ಕೇಳಿಕೆಯನ್ನು ನೋಡಿದವರಿಗೆ ಇನ್ನೊಂದು ಸಂಗತಿ ಗೊತ್ತು. ಹಗಲು ಹೊಲದಲ್ಲಿ ದುಡಿದವನು ರಾತ್ರಿ ಕಿರೀಟ, ಭುಜಕೀರ್ತಿ ಧರಿಸಿ ರಂಗಕ್ಕೆ ಬಂದರೆ, ಸಾರಥಿ ಅವನನ್ನು ಸುಮ್ಮನೆ ಕುಣಿಯಗೊಡಿಸುವುದಿಲ್ಲ. ತಾವಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು ಎಂದು ಕೇಳುತ್ತಾನೆ. ವೇಷಧಾರಿ ಉತ್ತರ ಹೇಳಿಯೇ ಮುಂದುವರಿಯಬೇಕು. ತೆರೆಯ ಲೋಕದಲ್ಲಿ ಇಂದು ವೇಷಗಳು ಸಾವಿರಾರು. ಕೇಳುವ ಸಾರಥಿ ಮಾತ್ರ ಇಲ್ಲ. ಆ ಪಾತ್ರವನ್ನು ನಮ್ಮ ಉಪಾಧ್ಯಾಯರು ವಹಿಸಬೇಕೆಂದು ನನ್ನ ಪ್ರಾರ್ಥನೆ. ಫೋನನ್ನು ಕಿತ್ತುಕೊಳ್ಳುವುದು ಸುಲಭ. ಈ ರೂಪವನ್ನೇಕೆ ಆರಿಸಿಕೊಂಡೆ, ಇದಕ್ಕೆ ಎಷ್ಟು ತೆತ್ತೆ, ಇದರಿಂದ ಏನು ಮಾಡಬೇಕೆಂದಿರುವೆ ಎಂದು ಸಲಿಗೆಯಿಂದ ಕೇಳುವುದು ಕಷ್ಟ, ಫಲವಿರುವುದು ಅದರಲ್ಲಿ.

ಕೋಲಾರದ ನೆರೆಯ ನರಸಾಪುರದಲ್ಲಿ, 2023ರಲ್ಲಿ ಟಾಟಾ ಸಂಸ್ಥೆ ಕೊಂಡ ಕಾರ್ಖಾನೆಯಲ್ಲಿ, ಐಫೋನುಗಳು ಜೋಡಣೆಯಾಗುತ್ತಿವೆ. ಈ ಲೋಕಗಳ ಬಾಗಿಲನ್ನು ಜೋಡಿಸುವ ಕೈಗಳು ನಮ್ಮ ನಾಡಿನವು. ಒಳಗಿನ ಉಡುಪಿನ ಅಂಗಡಿ ಮಾತ್ರ ಪರದೇಶದ್ದು. ಸೆಕೆಂಡ್ ಲೈಫ್, ರೋಬ್ಲಾಕ್ಸ್‌ಗಳಲ್ಲಿ ಬಳಸುವವರೇ ಉಡುಪನ್ನು ರಚಿಸಿ ಮಾರುವ ಅವಕಾಶವಿದೆ. ಕೇಳಿಕೆಯ ಭುಜಕೀರ್ತಿ ಆ ಅಂಗಡಿಯಲ್ಲಿ ಇಲ್ಲವೆಂದು ಕೊರಗುವ ಬದಲು, ನಮ್ಮ ವಿದ್ಯಾರ್ಥಿಗಳು ಅದನ್ನು ಕೆತ್ತಿ ಅಲ್ಲಿಡಬಾರದೇಕೆ? ಪಟ್ಟಿಯಿಂದ ಆರಿಸುವವನು ಎಷ್ಟು ದಿನವಾದರೂ ಆ ಲೋಕದ ಗಿರಾಕಿಯೇ. ಪಟ್ಟಿಗೆ ಒಂದನ್ನು ಸೇರಿಸಿದವನು ಅಂದಿನಿಂದ ಅಲ್ಲಿಯ ಒಕ್ಕಲು.