ಹಳೆಯ ಪಠ್ಯಪುಸ್ತಕ ಮಾರಿದರೆ ಯಾರ ಗೌರವಕ್ಕೆ ಧಕ್ಕೆ?

ಎಪ್ರಿಲ್ ಬಂತೆಂದರೆ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಎರಡು ಮೆರವಣಿಗೆಗಳು ಹೊರಡುತ್ತವೆ. ಒಂದು, ಹೊಸ ಪಠ್ಯಪುಸ್ತಕಗಳ ಕಟ್ಟನ್ನು ಹೊತ್ತು ಶಾಲೆಯ ಗೇಟಿನಿಂದ ಹೊರಬರುವ ಹೆತ್ತವರದ್ದು. ಇನ್ನೊಂದು, ಕಳೆದ ವರ್ಷದ ಅಂಥದ್ದೇ ಕಟ್ಟನ್ನು ಸ್ಕೂಟರಿನ ಮುಂದಿಟ್ಟುಕೊಂಡು ಗುಜರಿ ಅಂಗಡಿಗೆ ಸಾಗುವವರದ್ದು. ಮೊದಲನೆಯದಕ್ಕೆ ಸಾವಿರಗಳ ಲೆಕ್ಕ. ಎರಡನೆಯದಕ್ಕೆ ಕಿಲೋ ಲೆಕ್ಕ. ಎರಡೂ ಒಂದೇ ರಸ್ತೆಯಲ್ಲಿ ಎದುರುಬದುರಾಗುತ್ತವೆ. ಆದರೆ ಪರಸ್ಪರ ಮಾತಾಡಿಕೊಳ್ಳುವುದಿಲ್ಲ.

ಯಾಕೆ ಮಾತಾಡಿಕೊಳ್ಳುವುದಿಲ್ಲ?

ಸಾಧನದ ಕೊರತೆಯಿಂದ ಅಂತೂ ಅಲ್ಲ. ದೇಶಕ್ಕೆ ಆನ್‌ಲೈನ್‌ನಲ್ಲಿ ಪುಸ್ತಕ ಕೊಳ್ಳುವುದನ್ನು ಕಲಿಸಿದ್ದೇ ಈ ನಗರ. 2007ರಲ್ಲಿ ಕೋರಮಂಗಲದಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್ ಮೊದಲು ಮಾರಿದ್ದು ಪುಸ್ತಕವನ್ನೇ. ಇಂದು ಒಎಲ್‌ಎಕ್ಸ್ ಇದೆ, ಅಪಾರ್ಟ್‌ಮೆಂಟ್‌ಗಳ ವಾಟ್ಸಾಪ್ ಗುಂಪುಗಳಿವೆ. ಹಳೆಯ ಸೋಫಾ, ಮಗುವಿನ ತೊಟ್ಟಿಲು, ಉಪಯೋಗಿಸಿದ ಫ್ರಿಜ್ ಎಲ್ಲವೂ ಅಲ್ಲಿ ಯಾವ ಮುಜುಗರವೂ ಇಲ್ಲದೆ ಮಾರಾಟವಾಗುತ್ತವೆ. ಒಂಬತ್ತನೇ ತರಗತಿಯ ಪುಸ್ತಕಗಳ ಫೋಟೋ ಹಾಕಿ 'ಅರ್ಧ ಬೆಲೆಗೆ' ಎಂದು ಬರೆಯುವಾಗ ಮಾತ್ರ ನಮ್ಮ ಬೆರಳು ತಡವರಿಸುತ್ತದೆ. ಕೊಳ್ಳುವವನ ಬೆರಳಂತೂ ಇನ್ನಷ್ಟು ತಡವರಿಸುತ್ತದೆ. 'ಇವರಿಗೆ ಮಗನಿಗೊಂದು ಹೊಸ ಪುಸ್ತಕ ತೆಗೆಸಿಕೊಡುವ ಶಕ್ತಿಯೂ ಇಲ್ಲವೇ' ಎಂದು ಯಾರಾದರೂ ಆಡಿಕೊಂಡಾರು ಎಂಬ ಭಯ. ಮದುವೆಯ ಮಂಟಪಕ್ಕೆ ಸಾಲ ಮಾಡುವಾಗ ಬಾರದ ನಾಚಿಕೆ ಹಳೆಯ ಪುಸ್ತಕದ ಮುಂದೆ ಬಂದು ನಿಲ್ಲುತ್ತದೆ.

ಈ ನಾಚಿಕೆಯ ಬೆಲೆಯೇನು ಎಂಬುದನ್ನು ಈಗಲಾದರೂ ಲೆಕ್ಕ ಹಾಕಬೇಕು. 2022ರ ನವೆಂಬರ್‌ನಲ್ಲಿ ಕೇಂದ್ರ ಸರಕಾರವು ಅಲ್ಪಸಂಖ್ಯಾತ ಸಮುದಾಯಗಳ ಒಂದರಿಂದ ಎಂಟನೇ ತರಗತಿವರೆಗಿನ ಮಕ್ಕಳ ಪ್ರೀ ಮೆಟ್ರಿಕ್ ವಿದ್ಯಾರ್ಥಿವೇತನವನ್ನು ನಿಲ್ಲಿಸಿತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಈ ಮಕ್ಕಳಿಗೆ ಶಿಕ್ಷಣ ಹೇಗೂ ಉಚಿತ ಎಂಬುದು ಅದು ಕೊಟ್ಟ ಕಾರಣ. ಆದರೆ ಕರ್ನಾಟಕದಲ್ಲಿ 2019ರಲ್ಲೇ ನಿಯಮ ಬದಲಿಸಿ, ಸಮೀಪದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯ ಶೇ. 25 ಉಚಿತ ಸೀಟು ಸಿಗದಂತೆ ಮಾಡಲಾಗಿತ್ತು. ಒಂದು ಬಾಗಿಲನ್ನು ರಾಜ್ಯ ಮುಚ್ಚಿತು, ಆ ಬಾಗಿಲು ತೆರೆದೇ ಇದೆ ಎಂದು ಹೇಳಿ ಇನ್ನೊಂದನ್ನು ಕೇಂದ್ರ ಮುಚ್ಚಿತು. ಐಟಿಪಿಎಲ್‌ನ ಕಟ್ಟಡಗಳಲ್ಲಿ ಕಾವಲು ಕಾಯುವ, ಕ್ಯಾಬ್ ಓಡಿಸುವ, ಕ್ಯಾಂಟೀನ್‌ನಲ್ಲಿ ದುಡಿಯುವ ತಂದೆ ಮಗಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದ್ದರೆ, ಪುಸ್ತಕದ ಬಿಲ್ಲು ಸಂಪೂರ್ಣವಾಗಿ ಅವನದ್ದೇ.

ಇನ್ನು, ಹಳೆಯ ಪುಸ್ತಕವನ್ನು ಹಳೆಯದಾಗಿಸುವವರ ವಿಷಯ. ಎನ್‌ಸಿಇಆರ್‌ಟಿಯ ಪುಸ್ತಕಗಳಿಗೆ ಹೋಲಿಸಿದರೆ ಖಾಸಗಿ ಪ್ರಕಾಶಕರ ಪುಸ್ತಕಗಳ ಬೆಲೆ ಹಲವು ಪಟ್ಟು. ಆದರೂ ಅನೇಕ ಖಾಸಗಿ ಶಾಲೆಗಳು ಅವುಗಳನ್ನೇ ಬಯಸುತ್ತವೆ. ಶಾಲೆಗಳು ಪುಸ್ತಕ, ಸಮವಸ್ತ್ರಗಳ ವ್ಯಾಪಾರ ಮಾಡಬಾರದೆಂದು ಸಿಬಿಎಸ್‌ಇ 2017ರ ಎಪ್ರಿಲ್‌ನಲ್ಲೇ ಸುತ್ತೋಲೆ ಹೊರಡಿಸಿತ್ತು. ಪರಿಣಾಮ ಏನಾಯಿತೆಂಬುದು ಹೆತ್ತವರಿಗೆ ಗೊತ್ತಿದೆ. ಶಾಲೆ ಮಾರದಿದ್ದರೆ, ಶಾಲೆ ಹೇಳಿದ ಅಂಗಡಿ ಮಾರುತ್ತದೆ. ಈ ವರ್ಷ ಒಬ್ಬ ಪ್ರಕಾಶಕ, ಮುಂದಿನ ವರ್ಷ ಇನ್ನೊಬ್ಬ. ಪಾಠ ಅದೇ, ಮುಖಪುಟ ಬೇರೆ. ಅದಕ್ಕಿಂತಲೂ ಜಾಣತನದ ಉಪಾಯವೆಂದರೆ ವರ್ಕ್‌ಬುಕ್. ಪ್ರಶ್ನೆಯ ಕೆಳಗೇ ಉತ್ತರ ಬರೆಯಲು ಗೆರೆ ಎಳೆದುಕೊಡಲಾಗುತ್ತದೆ. ಮಗು ಬರೆದ ಕ್ಷಣವೇ ಅದು ಇನ್ನೊಂದು ಮಗುವಿಗೆ ನಿರುಪಯುಕ್ತ. ತಂಗಿಗೆ ಅಣ್ಣನ ಪುಸ್ತಕವೂ ದಕ್ಕದಂತೆ ಪುಸ್ತಕವನ್ನು ರೂಪಿಸುವುದನ್ನು ಶಿಕ್ಷಣ ಎನ್ನಬೇಕೇ ಅಥವಾ ವ್ಯಾಪಾರ ಎನ್ನಬೇಕೇ? ಕಳೆದ ವರ್ಷ ನಮ್ಮ ಮನೆಯ ಮಗುವೊಂದು ಹಳೆಯ ಆವೃತ್ತಿಯ ಪುಸ್ತಕ ಒಯ್ದುದಕ್ಕಾಗಿ ತರಗತಿಯಲ್ಲಿ ಎದ್ದು ನಿಲ್ಲಬೇಕಾಯಿತು. ಪುಟದ ಸಂಖ್ಯೆ ಎರಡು ಹಿಂದೆ ಮುಂದೆ ಇತ್ತು, ಅಷ್ಟೇ. ಶಾಲೆಯ ಹೆಸರು ಬೇಡ. ಓದುಗರಿಗೆ ತಂತಮ್ಮ ಶಾಲೆ ನೆನಪಾಗಿರಬಹುದು.

ಸರಕಾರಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯು ರಾಜ್ಯದ ಪಠ್ಯವನ್ನು ಪರಿಷ್ಕರಿಸಿತು, 2023ರ ಜೂನ್‌ನಲ್ಲಿ ಹೊಸ ಸರಕಾರ ಅದರಲ್ಲಿ ಕೆಲವನ್ನು ಕಿತ್ತುಹಾಕಿತು. ಕಿತ್ತುಹಾಕಿದ್ದು ಸರಿ ಎಂದೇ ನಮ್ಮ ಅಭಿಪ್ರಾಯ. ಎನ್‌ಸಿಇಆರ್‌ಟಿಯಂತೂ ಮೊಗಲರ ಕುರಿತ ಅಧ್ಯಾಯವೊಂದನ್ನು ಮೊದಲು ಹನ್ನೆರಡನೇ ತರಗತಿಯ ಪುಸ್ತಕದಿಂದ ಹೊರಗಟ್ಟಿತು, 2025ರಲ್ಲಿ ಏಳನೇ ತರಗತಿಯ ಪುಸ್ತಕದಿಂದ ಮೊಗಲರನ್ನೇ ಹೊರಗಟ್ಟಿತು. ಇತಿಹಾಸಕ್ಕೆ ಆದ ಹಾನಿಯ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಆದರೆ ಇಂಥ ಪರಿಷ್ಕರಣೆಗಳು ಕಪಾಟುಗಳಲ್ಲಿರುವ ಹಳೆಯ ಪುಸ್ತಕಗಳನ್ನು ರದ್ದಿಯಾಗಿಸಬಲ್ಲವು ಎಂಬುದು ಅಷ್ಟಾಗಿ ಚರ್ಚೆಯಾಗಲಿಲ್ಲ. ಬಡ ವಿದ್ಯಾರ್ಥಿಯ ಮಟ್ಟಿಗೆ ಅದೂ ಒಂದು ಹಾನಿಯೇ.

'ಪ್ರಕಾಶಕರ ಪುಸ್ತಕವನ್ನು ನಾವು ಮಾರುವುದು ತಪ್ಪಲ್ಲವೇ' ಎಂದು ಸಂಶಯ ಪಡುವವರಿದ್ದಾರೆ. ತಪ್ಪಲ್ಲ. 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಮು, ಒಮ್ಮೆ ಮಾರಾಟವಾದ ಪ್ರತಿಯನ್ನು ಚಲಾವಣೆಯಲ್ಲಿರುವ ಪ್ರತಿ ಎಂದೇ ಪರಿಗಣಿಸುತ್ತದೆ. ಆ ಪ್ರತಿಯ ಮರುಮಾರಾಟವನ್ನು ತಡೆಯುವ ಹಕ್ಕು ಪ್ರಕಾಶಕನಿಗಿಲ್ಲ. ಜೆರಾಕ್ಸ್ ಮಾಡಿ ಮಾರುವುದು, ಪಿಡಿಎಫ್ ಮಾಡಿ ಹಂಚುವುದು ಬೇರೆ ವಿಷಯ. ಅದನ್ನು ಇದರ ಜೊತೆ ಬೆರೆಸಬಾರದು.

ಇದೇ ಪ್ರಶ್ನೆ ಅಮೇರಿಕದ ಸುಪ್ರೀಮ್ ಕೋರ್ಟಿಗೂ ಹೋಗಿತ್ತು. ಥಾಯ್ಲೆಂಡ್‌ನಿಂದ 1997ರಲ್ಲಿ ಗಣಿತ ಕಲಿಯಲು ಅಲ್ಲಿಗೆ ಹೋದ ಸುಪಾಪ್ ಕಿರ್ತ್‌ಸೆಂಗ್ ಎಂಬ ವಿದ್ಯಾರ್ಥಿಗೆ, ಒಂದೇ ಪಠ್ಯಪುಸ್ತಕ ತನ್ನೂರಿನಲ್ಲಿ ಅಗ್ಗ, ಅಮೇರಿಕದಲ್ಲಿ ದುಬಾರಿ ಎಂಬುದು ಕಂಡಿತು. ಮನೆಯವರಿಂದ, ಗೆಳೆಯರಿಂದ ಪುಸ್ತಕ ತರಿಸಿಕೊಂಡ. ಈಬೇಯಲ್ಲಿ ಮಾರಿದ. ಜಾನ್ ವೈಲಿ ಎಂಬ ದೈತ್ಯ ಪ್ರಕಾಶನ ಸಂಸ್ಥೆ 2008ರಲ್ಲಿ ಮೊಕದ್ದಮೆ ಹೂಡಿತು. ಕೆಳ ನ್ಯಾಯಾಲಯ ಆತನಿಗೆ 6 ಲಕ್ಷ ಡಾಲರ್ ಪರಿಹಾರ ತೆರುವಂತೆ ವಿಧಿಸಿತು. ಆತ ಮಾರಿದ್ದು ಹಳೆಯ ಪುಸ್ತಕಗಳನ್ನಲ್ಲ, ಲಾಭವನ್ನೂ ಮಾಡಿದ್ದ ಎಂಬುದು ನಿಜ. ಆದರೂ 2013ರ ಮಾರ್ಚ್‌ನಲ್ಲಿ ಸುಪ್ರೀಮ್ ಕೋರ್ಟು 6-3ರ ಬಹುಮತದಿಂದ ವಿದ್ಯಾರ್ಥಿಯ ಪರ ನಿಂತಿತು. ನ್ಯಾಯಬದ್ಧವಾಗಿ ತಯಾರಾಗಿ ಒಮ್ಮೆ ಮಾರಾಟವಾದ ಪುಸ್ತಕ ಕೊಂಡವನದ್ದು ಎಂಬುದು ಆ ತೀರ್ಪಿನ ಸಾರ. ಅಂಥ ಸಂಸ್ಥೆಯೇ ಸೋತಿರುವಾಗ, ಕಾಡುಗೋಡಿಯ ತಾಯಿಯೊಬ್ಬರು ಮಗನ ವಿಜ್ಞಾನದ ಪುಸ್ತಕ ಮಾರಲು ಅಂಜಬೇಕಾದುದೇನಿದೆ?

ಇನ್ನೊಂದು ಆಕ್ಷೇಪ ನಮ್ಮೊಳಗಿನಿಂದಲೇ ಬರುತ್ತದೆ. ಜ್ಞಾನದ ಪುಸ್ತಕವನ್ನು ಮಾರಬಾರದು, ದಾನ ಮಾಡಬೇಕು ಎಂಬುದು. ಮಾತು ಚೆನ್ನಾಗಿದೆ. ಆದರೆ ಹೀಗೆನ್ನುವವರಲ್ಲಿ ಹೆಚ್ಚಿನವರ ಮನೆಯ ಅಟ್ಟದಲ್ಲಿ ಪುಸ್ತಕಗಳು ಗೆದ್ದಲು ಹಿಡಿಯುತ್ತಿವೆ. ಮಾರುವುದೂ ಇಲ್ಲ, ಕೊಡುವುದೂ ಇಲ್ಲ. ಕೊಡುವವರು ಖಂಡಿತ ಕೊಡಲಿ. ಆದರೆ ಪಡೆಯುವವನ ಕಡೆಯಿಂದಲೂ ಒಮ್ಮೆ ನೋಡಬೇಡವೇ? ದಾನದ ಸಾಲಿನಲ್ಲಿ ಮಗನನ್ನು ನಿಲ್ಲಿಸಿ, ಫೋಟೋ ತೆಗೆಸಿಕೊಂಡು, ಬ್ಯಾನರಿನ ಕೆಳಗೆ ಪುಸ್ತಕ ಪಡೆಯುವುದಕ್ಕಿಂತ, ಮುನ್ನೂರು ರೂಪಾಯಿ ಕೊಟ್ಟು ತಲೆಯೆತ್ತಿ ಪುಸ್ತಕ ಒಯ್ಯುವುದು ಆ ತಂದೆಗೆ ಇಷ್ಟವಾಗಬಹುದು. ನ್ಯಾಯವಾದ ಬೆಲೆಯ ಮಾರಾಟದಲ್ಲಿ ಕೈ ಮೇಲಿನದ್ದು, ಕೈ ಕೆಳಗಿನದ್ದು ಎಂಬುದಿಲ್ಲ. ಬೆಲೆ ನ್ಯಾಯವಾಗಿರಬೇಕು ಎಂಬುದನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಹರಿದ ಪುಟ ಮುಚ್ಚಿಟ್ಟು, ಹಳೆಯ ಪಠ್ಯಕ್ರಮವೆಂಬುದನ್ನು ಹೇಳದೆ ಮಾರಿದರೆ ಅದು ವ್ಯಾಪಾರವಲ್ಲ, ವಂಚನೆ. ಆವೃತ್ತಿಯ ವರ್ಷ, ಬೋರ್ಡು, ಗೀಚಿದ ಪುಟಗಳ ಫೋಟೋ, ಇಷ್ಟನ್ನು ಜಾಹೀರಾತಿನಲ್ಲೇ ಹಾಕಬೇಕು.

ಮಾರುವವರೂ ಎಚ್ಚರ ತಪ್ಪಬಾರದು. 'ಸೇನೆಯಲ್ಲಿದ್ದೇನೆ, ಮುಂಗಡ ಕಳುಹಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ' ಎಂದು ನಂಬಿಸಿ ಖಾತೆ ಬರಿದು ಮಾಡುವ ಜಾಲ ಹಳೆಯದೇ. ಹಣ ಪಡೆಯಲು ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಒತ್ತಬೇಕಾಗಿಯೂ ಇಲ್ಲ. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಹೋಗುತ್ತದೆ. ಹೆಣ್ಮಕ್ಕಳು ತಮ್ಮ ನಂಬರನ್ನು ಬಹಿರಂಗವಾಗಿ ಹಾಕದೆ ಮನೆಯ ಹಿರಿಯರ ನಂಬರು ಕೊಡುವುದು ಒಳ್ಳೆಯದು. 2023ರಿಂದ ಮೆಟ್ರೋ ಕಾಡುಗೋಡಿಯವರೆಗೆ ಬಂದಿದೆ. ಹೂಡಿಯವರು ಹೋಪ್‌ಫಾರ್ಮ್ ನಿಲ್ದಾಣದ ಬಳಿ ಹಗಲಲ್ಲೇ ಪುಸ್ತಕ ಕೊಟ್ಟು ಹಣ ಪಡೆದು ಮರಳಬಹುದು.

ಶಾಲೆಗಳೊಂದಿಗೂ ಮಾತಾಡುವುದಿದೆ. ಮುಂದಿನ ಪೋಷಕರ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರೇ. ಪುಸ್ತಕದ ಪಟ್ಟಿಯನ್ನು ಮಾರ್ಚ್‌ನಲ್ಲೇ ಯಾಕೆ ಪ್ರಕಟಿಸುವುದಿಲ್ಲ? ಪ್ರಕಾಶಕರನ್ನು ಬದಲಿಸಿದ್ದೇಕೆ? ಉತ್ತರವನ್ನು ವರ್ಕ್‌ಬುಕ್‌ನ ಬದಲು ನೋಟ್‌ಬುಕ್‌ನಲ್ಲಿ ಬರೆಯಿಸಿದರೆ ಮಗುವಿನ ಕಲಿಕೆಗೆ ಆಗುವ ನಷ್ಟವೇನು? ಒಬ್ಬರು ಕೇಳಿದರೆ ಪ್ರಾಂಶುಪಾಲರು ಮುಗುಳ್ನಕ್ಕು ಸುಮ್ಮನಾಗುತ್ತಾರೆ. ಆದ್ದರಿಂದ ಇಪ್ಪತ್ತು ಮಂದಿ ಜೊತೆಯಾಗಿ ಹೋಗಿ ಕೇಳುವುದು ಉತ್ತಮ.